ಗಾನ್ಸ್‌ಬಾಯ್‌ನ ಶಾರ್ಕ್ ಬೋನು: ಗ್ರೇಟ್ ವೈಟ್ ವಿರಳವಾದ ಕಡಲಿನಲ್ಲಿ

ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್‌ಗೆ ಶಾರ್ಕ್ ನೋಡಲು ಹೊರಟವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ. ಜಾಹೀರಾತಿನ ಚಿತ್ರಗಳಲ್ಲಿ ಬಾಯಿ ತೆರೆದು ನೀರಿನಿಂದ ಮೇಲೇಳುವ ಗ್ರೇಟ್ ವೈಟ್ ಶಾರ್ಕ್ ಅಲ್ಲಿ ಈಗ ದಿನನಿತ್ಯ ಕಾಣಸಿಗುವ ಪ್ರಾಣಿಯಲ್ಲ. ಬಿಳಿ ಶಾರ್ಕ್‌ಗಳ ರಾಜಧಾನಿ ಎಂದು ಜಗತ್ತಿನಾದ್ಯಂತ ಹೆಸರಾಗಿದ್ದ ಆ ಕರಾವಳಿಯಲ್ಲಿ ಇಂದು ಪ್ರವಾಸಿಗರು ನೀರಿಗಿಳಿದು ನಿಲ್ಲುವ ಬೋನಿನ ಸುತ್ತ ಸುಳಿಯುವುದು ಬಹುಪಾಲು ಬ್ರಾಂಜ್ ವೇಲರ್ ಎಂಬ ಬೇರೆ ಜಾತಿಯ ಶಾರ್ಕ್. ಹಾಗೆಂದು ಅಲ್ಲಿಗೆ ಹೋಗುವುದೇ ದಂಡ ಎಂದು ನಾನು ಹೇಳುವುದಿಲ್ಲ. ಏನನ್ನು ನೋಡಲು ಹೋಗುತ್ತಿದ್ದೇವೆಂಬುದನ್ನು ಅರಿತು ಹೋದವರಿಗೆ, ಕೊಟ್ಟ ಹಣಕ್ಕೆ ಕೊರತೆಯಾಗದ ಅನುಭವವೇ ಅಲ್ಲಿ ದೊರೆಯುತ್ತದೆ. ಆ ಅರಿವನ್ನು ಮುಂಚಿತವಾಗಿ ಕೊಡದೆ ಜನರನ್ನು ದೋಣಿ ಹತ್ತಿಸುವ ಪದ್ಧತಿಯ ಬಗ್ಗೆ ಮಾತ್ರ ನನ್ನ ತಕರಾರಿದೆ, ಮತ್ತು ಅದನ್ನು ಇಲ್ಲಿ ವಿವರವಾಗಿಯೇ ಹೇಳಬೇಕಾಗಿದೆ.

ಗಾನ್ಸ್‌ಬಾಯ್ ಕೇಪ್‌ಟೌನ್‌ನಿಂದ ಆಗ್ನೇಯಕ್ಕೆ ಸುಮಾರು 170 ಕಿಲೋಮೀಟರ್ ದೂರದಲ್ಲಿದೆ. ಸರ್ ಲೌರೀಸ್ ಪಾಸ್ ಎಂಬ ಘಾಟಿ ಹತ್ತಿ, ಸೇಬಿನ ತೋಟಗಳ ನಡುವೆ ಹಾದು, ಹರ್ಮನಸ್ ಹಾಗೂ ಸ್ಟ್ಯಾನ್‌ಫರ್ಡ್ ಊರುಗಳನ್ನು ದಾಟಿ ಹೋಗುವ ಈ ದಾರಿ ಎರಡರಿಂದ ಎರಡೂವರೆ ಗಂಟೆಯದು. ದೋಣಿಗಳು ಹೊರಡುವುದು ಗಾನ್ಸ್‌ಬಾಯ್‌ಗೆ ಅಂಟಿಕೊಂಡಿರುವ ಕ್ಲೈನ್‌ಬಾಯ್ ಎಂಬ ಪುಟ್ಟ ಬಂದರಿನಿಂದ. ಕೇಪ್‌ಟೌನ್‌ನ ಹೋಟೆಲಿನಿಂದಲೇ ನಸುಕಿನಲ್ಲಿ ವ್ಯಾನಿನಲ್ಲಿ ಕರೆದೊಯ್ದು ಮಧ್ಯಾಹ್ನ ಮರಳಿ ಬಿಡುವ ವ್ಯವಸ್ಥೆಯನ್ನು ಬಹುತೇಕ ಸಂಸ್ಥೆಗಳು ಪ್ರತ್ಯೇಕ ಶುಲ್ಕಕ್ಕೆ ಮಾಡಿಕೊಡುತ್ತವೆ. ಆದರೆ ನಿದ್ದೆಗೆಟ್ಟು, ಹೊಟ್ಟೆಗೇನೂ ಹಾಕಿಕೊಳ್ಳದೆ, ಘಾಟಿಯ ತಿರುವುಗಳನ್ನು ದಾಟಿ ಬಂದವರೇ ಕಡಲಿನಲ್ಲಿ ಹೆಚ್ಚು ನರಳುವುದು. ಹಿಂದಿನ ದಿನವೇ ಬಂದು ಹರ್ಮನಸ್‌ನಲ್ಲೋ ಕ್ಲೈನ್‌ಬಾಯ್‌ನಲ್ಲೋ ತಂಗುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಜೂನ್‌ನಿಂದ ನವೆಂಬರ್‌ವರೆಗಿನ ಅವಧಿಯಲ್ಲಾದರೆ ಹರ್ಮನಸ್‌ನ ದಡದ ಮೇಲೆ ನಿಂತೇ ಸದರ್ನ್ ರೈಟ್ ತಿಮಿಂಗಿಲಗಳನ್ನು ನೋಡಬಹುದು. ಅದಕ್ಕೆ ಟಿಕೆಟ್ಟೂ ಬೇಕಿಲ್ಲ, ದೋಣಿಯೂ ಬೇಕಿಲ್ಲ.

ಶಾರ್ಕ್‌ಗಳಿಗೂ ಈ ಜಾಗಕ್ಕೂ ನಂಟು ಬೆಳೆದದ್ದು ಸೀಲ್ ಎಂಬ ಕಡಲ ಸಸ್ತನಿಗಳಿಂದ. ದಡದಿಂದ ಎಂಟು ಕಿಲೋಮೀಟರ್‌ನಷ್ಟು ದೂರದಲ್ಲಿ ಡಯರ್ ದ್ವೀಪವಿದೆ. ಅದರ ಪಕ್ಕದಲ್ಲೇ ಇರುವ ಗೈಸರ್ ರಾಕ್ ಎಂಬ ಬಂಡೆದಿಬ್ಬದ ಮೇಲೆ ಸುಮಾರು 60,000 ಕೇಪ್ ಫರ್ ಸೀಲ್‌ಗಳು ಬೀಡುಬಿಟ್ಟಿವೆ. ಇವೆರಡರ ನಡುವಿನ ಕಿರಿದಾದ, ಆಳವಿಲ್ಲದ ನೀರಿನ ಓಣಿಗೆ ಶಾರ್ಕ್ ಆಲಿ ಎಂದು ಹೆಸರು. ಈಜಲು ಕಲಿಯುತ್ತಿರುವ ಎಳೆಯ ಸೀಲ್‌ಗಳು ಚಳಿಗಾಲದಲ್ಲಿ ಈ ಓಣಿಯ ಮೂಲಕವೇ ಕಡಲಿಗೆ ಹೋಗಿಬರಬೇಕಾದ್ದರಿಂದ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಗ್ರೇಟ್ ವೈಟ್ ಶಾರ್ಕ್‌ಗಳು ಅಲ್ಲಿ ಹೊಂಚು ಹಾಕುತ್ತಿದ್ದವು. ಬೇಸಿಗೆ ಬಂದಾಗ ಅವು ದಡದ ಸಮೀಪದ ಮರಳುನೆಲದ ಕಡೆ ಸರಿದು, ಸಣ್ಣ ಶಾರ್ಕ್‌ಗಳನ್ನೂ ಮೀನುಗಳನ್ನೂ ಬೇಟೆಯಾಡುತ್ತಿದ್ದವು. ಈ ಕ್ರಮ ಎಷ್ಟು ಖಚಿತವಾಗಿತ್ತೆಂದರೆ, ಅದನ್ನೇ ನಂಬಿ ಒಂದು ಮೀನುಗಾರರ ಹಳ್ಳಿ ಪ್ರವಾಸೋದ್ಯಮದ ಊರಾಗಿ ಬದಲಾಯಿತು.

ಬೋನಿನೊಳಗಿಂದ ಶಾರ್ಕ್ ನೋಡುವ ಈ ವಿಧಾನ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. 1963ರಲ್ಲಿ ಅಡಿಲೇಡ್ ಬಳಿಯ ಕಡಲಿನಲ್ಲಿ ಈಟಿಯಿಂದ ಮೀನು ಹಿಡಿಯುವ ಸ್ಪರ್ಧೆಯಲ್ಲಿದ್ದ ರಾಡ್ನಿ ಫಾಕ್ಸ್ ಎಂಬುವವರ ಮೇಲೆ ಗ್ರೇಟ್ ವೈಟ್ ಎರಗಿತು. ಸಾವಿನ ಬಾಯಿಂದ ಪಾರಾಗಿ, ನೂರಾರು ಹೊಲಿಗೆ ಹಾಕಿಸಿಕೊಂಡು ಚೇತರಿಸಿಕೊಂಡ ಮೇಲೆ ಆತ ಅದೇ ಪ್ರಾಣಿಯನ್ನು ಹತ್ತಿರದಿಂದ ನೋಡುವುದಕ್ಕೆಂದು ಕಬ್ಬಿಣದ ಬೋನು ಮಾಡಿಸಿದರು; ಮುಂದೆ ಬದುಕಿನುದ್ದಕ್ಕೂ ಶಾರ್ಕ್ ಸಂರಕ್ಷಣೆಯ ಪರವಾಗಿ ನಿಂತರು. ದಕ್ಷಿಣ ಆಫ್ರಿಕಾವಾದರೋ 1991ರಲ್ಲಿ ಗ್ರೇಟ್ ವೈಟ್ ಶಾರ್ಕ್‌ಗೆ ಕಾನೂನಿನ ರಕ್ಷಣೆ ಕೊಟ್ಟ ಮೊದಲ ದೇಶ. ಗಾನ್ಸ್‌ಬಾಯ್‌ನ ಉದ್ಯಮ ಬೆಳೆದದ್ದು ಆ ಕಾನೂನಿನ ಬೆನ್ನಿಗೇ, ಹಾಗಾಗಿ ಜೀವಂತ ಶಾರ್ಕ್ ಸತ್ತ ಶಾರ್ಕ್‌ಗಿಂತ ಬೆಲೆಬಾಳುತ್ತದೆ ಎಂಬ ವಾದಕ್ಕೆ ಈ ಊರು ಬಹುಕಾಲದಿಂದ ಉದಾಹರಣೆಯಾಗಿದೆ.

ನಾವು ಹೋದದ್ದು ಜುಲೈ ತಿಂಗಳಿನಲ್ಲಿ, ಅಂದರೆ ಅಲ್ಲಿನ ನಡುಚಳಿಗಾಲದಲ್ಲಿ. ಒಬ್ಬರಿಗೆ 2,500 ರ‍್ಯಾಂಡ್‌ಗಿಂತ ತುಸು ಹೆಚ್ಚು, ಅಂದರೆ ನಮ್ಮ ಲೆಕ್ಕದಲ್ಲಿ 12,000 ರೂಪಾಯಿಯ ಆಸುಪಾಸಿನ ಶುಲ್ಕ. ಋತುವಿಗೆ ತಕ್ಕಂತೆ ಇದು ಏರುತ್ತದೆ, ಇಳಿಯುತ್ತದೆ. ಈ ಹಣದಲ್ಲಿ ಬೆಳಗಿನ ಉಪಾಹಾರ, ವೆಟ್‌ಸೂಟ್, ಮಾಸ್ಕ್, ದೋಣಿಯಲ್ಲಿ ಮೂರು ಗಂಟೆಯ ಹೊತ್ತು, ಮರಳಿ ಬಂದ ಮೇಲೆ ಬಿಸಿ ಸೂಪು ಮತ್ತು ಬ್ರೆಡ್ ಸೇರಿದ್ದವು. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ಹೇಳಿಟ್ಟರೆ ಸೂಪನ್ನು ಬೇರೆಯಾಗಿ ಮಾಡಿಕೊಡುತ್ತಾರೆ. ನಮಗೆ ಆ ವಿಷಯದಲ್ಲಿ ಯಾವ ತೊಂದರೆಯೂ ಆಗಲಿಲ್ಲ.

ದೋಣಿ ಹತ್ತುವ ಮುನ್ನ ನಡೆಯುವ ತಿಳಿವಳಿಕೆಯ ಮಾತು ಈ ಸೇವೆಯ ಮುಖ್ಯ ಭಾಗ, ಮತ್ತು ಸಂಸ್ಥೆಯ ಗುಣ ಅಲ್ಲಿಯೇ ಗೊತ್ತಾಗುತ್ತದೆ. ಬೋನಿನ ಒಳಸರಳು ಯಾವುದು, ಹೊರಸರಳು ಯಾವುದು, ಕೈಯನ್ನು ಯಾವುದರ ಮೇಲಿಡಬೇಕು, ಕಾಲಿನ ಹೆಬ್ಬೆರಳುಗಳನ್ನು ಯಾವ ಸರಳಿನಡಿ ಸಿಕ್ಕಿಸಿಕೊಳ್ಳಬೇಕು, ಕ್ಯಾಮೆರಾ ಹಿಡಿದ ಕೈ ಏಕೆ ಹೊರಚಾಚಬಾರದು ಎಂಬುದನ್ನೆಲ್ಲ ನಿಧಾನವಾಗಿ, ತೋರಿಸುತ್ತಾ ಹೇಳಿದರು. ಈಜು ಬರಬೇಕೆಂದಿಲ್ಲ ಎಂಬುದನ್ನು ನಮ್ಮವರಿಗೆ ಒತ್ತಿ ಹೇಳಬೇಕು, ಏಕೆಂದರೆ ಆ ಭಯದಿಂದಲೇ ಎಷ್ಟೋ ಮಂದಿ ದೋಣಿಯ ಮೇಲೆಯೇ ಉಳಿದುಬಿಡುತ್ತಾರೆ. ಬೋನು ದೋಣಿಯ ಪಕ್ಕಕ್ಕೆ ಬಿಗಿದ ಸ್ಥಿತಿಯಲ್ಲಿ ತೇಲುತ್ತಿರುತ್ತದೆ, ಅದರ ಮೇಲ್ಭಾಗ ಸದಾ ನೀರಿನಿಂದ ಹೊರಗಿರುತ್ತದೆ, ಬೆನ್ನಿಗೆ ಸಿಲಿಂಡರ್ ಹೊರುವ ಗೊಡವೆ ಇಲ್ಲ. ತಲೆ ಮೇಲಿಟ್ಟುಕೊಂಡು ನಿಂತಿದ್ದು, ಶಾರ್ಕ್ ಬಂದಾಗ ಉಸಿರು ಬಿಗಿಹಿಡಿದು ಮುಳುಗಿದರಾಯಿತು. ಜೊತೆಗೆ ಬಂದಿದ್ದ ನನ್ನ ಅಕ್ಕನಿಗೆ ಈಜು ಬಾರದು. ಅವಳು ಒಮ್ಮೆ ಇಳಿದು ಮೇಲೆ ಬಂದ ಕೂಡಲೇ ಹಲ್ಲು ಕಟಕಟಿಸುತ್ತಿದ್ದರೂ, “ಇನ್ನೊಂದು ಸರದಿ ಕೊಡ್ತಾರೇನೋ ಕೇಳು” ಎಂದಳು.

ಕಡಲ ಬೇನೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಂಟಾರ್ಟಿಕದ ಕಡೆಯಿಂದ ತಡೆಯಿಲ್ಲದೆ ಉರುಳಿ ಬರುವ ದೊಡ್ಡ ಅಲೆಗಳಿಗೆ ಲಂಗರು ಹಾಕಿ ನಿಂತ ದೋಣಿ ಒಂದೇ ಸಮನೆ ತೂಗಾಡುತ್ತದೆ. ಚಲಿಸುವ ದೋಣಿಗಿಂತ ನಿಂತ ದೋಣಿ ಹೆಚ್ಚು ಕಷ್ಟ ಕೊಡುತ್ತದೆ, ಅದರೊಂದಿಗೆ ಮೀನೆಣ್ಣೆಯ ವಾಸನೆ ಬೇರೆ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ನಾವು ತೆಗೆದುಕೊಳ್ಳುವ ಅವೊಮಿನ್ ಮಾತ್ರೆಯಂಥದ್ದನ್ನು ವೈದ್ಯರನ್ನು ಕೇಳಿ, ದೋಣಿ ಹತ್ತುವುದಕ್ಕೆ ಸಾಕಷ್ಟು ಮೊದಲೇ ತೆಗೆದುಕೊಂಡಿರಬೇಕು. ಓಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆಯಿಂದ ಉಪಯೋಗವಿಲ್ಲ. ನೀರಿನ ಉಷ್ಣಾಂಶ ಚಳಿಗಾಲದಲ್ಲಿ 12ರಿಂದ 15 ಡಿಗ್ರಿಯಷ್ಟು ಇರುತ್ತದೆ. ದಪ್ಪನೆಯ ವೆಟ್‌ಸೂಟ್, ತಲೆಗವಸು, ಕಾಲುಚೀಲ ಎಲ್ಲವೂ ಇದ್ದರೂ ಮೊದಲ ನಿಮಿಷದಲ್ಲಿ ಎದೆ ಬಿಗಿದಂತಾಗುವುದು ಸಹಜ. ನಮಗೆ ಕೊಟ್ಟ ವೆಟ್‌ಸೂಟ್‌ಗಳು ಬೆಳಗಿನ ತಂಡ ಬಳಸಿ ಬಿಟ್ಟವು, ಒದ್ದೆಯಾಗಿಯೇ ಇದ್ದವು. ಈ ದರಕ್ಕೆ ಒಣಗಿದ ಬಟ್ಟೆಯನ್ನು ನಿರೀಕ್ಷಿಸುವುದು ಅತಿಯಾಸೆಯೇನಲ್ಲ.

ಬೋನು ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಉಕ್ಕಿನ ಸರಳುಗಳದ್ದು, ಉದ್ದವಾಗಿ, ಅಗಲ ಕಡಿಮೆಯಾಗಿ ಇರುತ್ತದೆ. ಆರರಿಂದ ಎಂಟು ಮಂದಿ ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ದೋಣಿಯ ಅಟ್ಟದ ಮೇಲಿನಿಂದ ಒಬ್ಬರು ನೀರನ್ನು ಗಮನಿಸುತ್ತಾ, ಶಾರ್ಕ್ ಬರುವ ದಿಕ್ಕನ್ನು ಕೂಗಿ ಹೇಳುತ್ತಾರೆ: ಕೆಳಗೆ, ಎಡಕ್ಕೆ, ಬಲಕ್ಕೆ. ಕೂಗು ಕೇಳಿದೊಡನೆ ಮುಳುಗದಿದ್ದರೆ ನೋಡುವುದೇನೂ ಉಳಿದಿರುವುದಿಲ್ಲ. ಇನ್ನೊಬ್ಬರು ಬೂತಾಯಿ ಜಾತಿಯ ಮೀನುಗಳನ್ನು ಅರೆದು ಸಮುದ್ರದ ನೀರಿನೊಂದಿಗೆ ಕಲಸಿದ ದ್ರವವನ್ನು ಮಗ್ಗಿನಲ್ಲಿ ಮೊಗೆದು ಮೊಗೆದು ನೀರಿಗೆ ಸುರಿಯುತ್ತಿರುತ್ತಾರೆ. ಚಮ್ ಎಂದು ಕರೆಯುವ ಈ ದ್ರವದ ವಾಸನೆಯ ಜಾಡು ಗಾಳಿ ಮತ್ತು ಸೆಳವಿನ ದಿಕ್ಕಿನಲ್ಲಿ ಬಹುದೂರ ಹರಡುತ್ತದೆ, ಶಾರ್ಕ್ ಆ ಜಾಡನ್ನು ಹಿಡಿದು ದೋಣಿಯತ್ತ ಬರುತ್ತದೆ. ಮೂರನೆಯವರ ಕೆಲಸವೇ ಎಲ್ಲಕ್ಕಿಂತ ಕುಶಲತೆಯದು. ಅವರ ಕೈಯಲ್ಲಿ ಹಗ್ಗದ ತುದಿಗೆ ಕಟ್ಟಿದ ಟ್ಯೂನಾ ಮೀನಿನ ತಲೆ. ಶಾರ್ಕ್ ಅದರ ಹಿಂದೆ ಬರುತ್ತಿದ್ದಂತೆ ಹಗ್ಗವನ್ನು ಬೋನಿಗೆ ಸಮಾನಾಂತರವಾಗಿ ಎಳೆದು, ಬಾಯಿ ಹಾಕುವ ಮುನ್ನ ಎತ್ತಿಬಿಡಬೇಕು. ಪರವಾನಗಿಯ ಷರತ್ತಿನ ಪ್ರಕಾರ ಶಾರ್ಕ್‌ಗೆ ಬೇಕೆಂದೇ ಆಹಾರ ತಿನ್ನಿಸುವಂತಿಲ್ಲ. ನಮ್ಮ ದೋಣಿಯಲ್ಲಿ ಈ ಕೆಲಸ ಮಾಡುತ್ತಿದ್ದವರು ಎರೆಯನ್ನು ಒಮ್ಮೆಯೂ ಬೋನಿನ ನೇರಕ್ಕೆ ಎಳೆಯಲಿಲ್ಲ. ಹಾಗೆ ಎಳೆದರೆ ಶಾರ್ಕ್ ವೇಗದಲ್ಲಿ ಬಂದು ಸರಳಿಗೆ ಬಡಿಯುತ್ತದೆ, ಪ್ರವಾಸಿಗರ ವಿಡಿಯೊ ರೋಚಕವಾಗುತ್ತದೆ, ಪ್ರಾಣಿಯ ಮೂತಿ ಒಡೆಯುತ್ತದೆ. ಆ ಪ್ರಲೋಭನೆಗೆ ಒಳಗಾಗದ ಆ ಕೈಗಳಿಗೆ ನನ್ನ ಪೂರ್ಣ ಮೆಚ್ಚುಗೆಯಿದೆ.

ಬ್ರಾಂಜ್ ವೇಲರ್‌ಗಳು ಒಂಟಿಯಾಗಿ ಬರಲಿಲ್ಲ. ಮೊದಲು ಹಸಿರು ಮಬ್ಬಿನೊಳಗೆ ಒಂದು ಗಾಢ ಆಕಾರ ಹಾದುಹೋಯಿತು. ಅದು ತಿರುಗಿ ಬರುವಷ್ಟರಲ್ಲಿ ಜೊತೆಗೆ ಮತ್ತೆರಡು ಇದ್ದವು. ಎರಡೂವರೆ ಮೀಟರ್‌ನ ಸುಮಾರಿನ ಉದ್ದ, ಗ್ರೇಟ್ ವೈಟ್‌ನಂಥ ಬೃಹತ್ ಮೈಕಟ್ಟಿಲ್ಲದ ನೀಳ ದೇಹ, ಚೂಪು ಮೂತಿ. ಮೋಡ ಸರಿದು ಬಿಸಿಲು ನೀರಿಗಿಳಿದಾಗ ಅವುಗಳ ಪಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಕೊಡದಂತೆ ಹೊಳೆಯುತ್ತದೆ, ಜಾತಿಗೆ ಹೆಸರು ಬಂದದ್ದೇ ಈ ಬಣ್ಣದಿಂದ. ಒಂದು ಶಾರ್ಕ್ ನನ್ನ ಮುಖದಿಂದ ಒಂದು ತೋಳಿನ ಅಂತರದಲ್ಲಿ ಬೋನಿನುದ್ದಕ್ಕೂ ಸಾಗಿತು. ಎರೆಯ ಹತ್ತಿರ ಬಂದ ಕ್ಷಣದಲ್ಲಿ ಕಣ್ಣಿನ ಕೆಳಗಿನಿಂದ ಬಿಳಿಯ ಪೊರೆಯೊಂದು ಮೇಲೆದ್ದು ಇಡೀ ಕಣ್ಣನ್ನು ಮುಚ್ಚಿತು, ಎರೆ ತಪ್ಪಿದ ಮರುಕ್ಷಣವೇ ಇಳಿಯಿತು. ಬೇಟೆಯ ಕೊಸರಾಟದಿಂದ ಕಣ್ಣನ್ನು ಕಾಪಾಡಿಕೊಳ್ಳುವುದಕ್ಕಿರುವ ಈ ಪೊರೆ ಗ್ರೇಟ್ ವೈಟ್‌ಗೆ ಇಲ್ಲ, ಅದು ಕಣ್ಣುಗುಡ್ಡೆಯನ್ನೇ ಹಿಂದಕ್ಕೆ ಹೊರಳಿಸಿಕೊಳ್ಳುತ್ತದೆ. ಅದೇ ಶಾರ್ಕ್‌ನ ಬಾಯಿಯ ಮೂಲೆಯಲ್ಲಿ ತುಕ್ಕು ಹಿಡಿದ ಗಾಳದ ಕೊಕ್ಕೆಯೊಂದು ನೆಟ್ಟುಕೊಂಡಿತ್ತು, ಅದರಿಂದ ಗೇಣುದ್ದದ ನೈಲಾನ್ ದಾರ ತೇಲುತ್ತಿತ್ತು. ದಡದಿಂದ ಗಾಳ ಹಾಕುವವರಿಗೆ ಈ ಜಾತಿಯ ಮೇಲೆ ಬಹಳ ಆಸೆ. ಜಾಗತಿಕ ಸಂರಕ್ಷಣಾ ಪಟ್ಟಿಯಲ್ಲಿ ಬ್ರಾಂಜ್ ವೇಲರ್ ಕೂಡ ಅಪಾಯದಂಚಿನಲ್ಲಿರುವ ಜಾತಿಯೇ ಎಂಬುದನ್ನು, ಇದನ್ನು ‘ಬದಲಿ ಶಾರ್ಕ್’ ಎಂಬಂತೆ ನೋಡುವವರು ನೆನಪಿಡಬೇಕು. ಗ್ರೇಟ್ ವೈಟ್ ಸಿಗಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ ಕೆಲವರು ಬೋನಿಗೆ ಇಳಿಯಲೇ ಇಲ್ಲ. ಅವರು ಕಳೆದುಕೊಂಡದ್ದೇನೆಂದು ಇಳಿದವರಿಗೆ ಗೊತ್ತು.

ಒಬ್ಬರಿಗೆ ಬೋನಿನಲ್ಲಿ ಸಿಗುವ ಸಮಯ ಇಪ್ಪತ್ತು ನಿಮಿಷದ ಸುಮಾರು. ದೋಣಿಯಲ್ಲಿ ಜನ ಹೆಚ್ಚಿದ್ದಷ್ಟೂ ಆ ಸಮಯ ಕುಗ್ಗುತ್ತದೆ, ಸರದಿಗಾಗಿ ಒದ್ದೆ ಬಟ್ಟೆಯಲ್ಲಿ ಕಾಯುವುದು ಹೆಚ್ಚುತ್ತದೆ. ಹೀಗಾಗಿ ಹಣ ತುಸು ಹೆಚ್ಚಾದರೂ ಕಡಿಮೆ ಜನರನ್ನು ಕರೆದೊಯ್ಯುವ ದೋಣಿಯೇ ವಾಸಿ. ನೀರಿನ ಪಾರದರ್ಶಕತೆಯೂ ದಿನದಿನಕ್ಕೆ ಬದಲಾಗುತ್ತದೆ; ಚಳಿಗಾಲದ ಒಳ್ಳೆಯ ದಿನ ಹಲವು ಮೀಟರ್ ದೂರ ಕಾಣುತ್ತದೆ, ಬೇಸಿಗೆಯಲ್ಲಿ ಸೂಕ್ಷ್ಮಸಸ್ಯಗಳು ಹೆಚ್ಚಿ ನೀರು ಹಸಿರುಗಟ್ಟಿದಾಗ ಒಂದೆರಡು ಮೀಟರ್ ಆಚೆಗೆ ಏನೂ ತೋರುವುದಿಲ್ಲ.

ಇನ್ನು ತಕರಾರಿನ ವಿಷಯ. ನಾವು ಬುಕಿಂಗ್ ಮಾಡಿದ ಸಂಸ್ಥೆಯ ಜಾಲತಾಣದ ಪ್ರತಿ ಪುಟದಲ್ಲೂ ಗ್ರೇಟ್ ವೈಟ್‌ನದ್ದೇ ಚಿತ್ರ. ಹಣ ಕಟ್ಟುವ ಮೊದಲು ಮಿಂಚಂಚೆಯಲ್ಲಿ ಕೇಳಿದ್ದಕ್ಕೆ “ಇದು ಕಾಡುಪ್ರಾಣಿ, ಖಾತರಿ ಕೊಡಲಾಗದು, ಆದರೆ ಶಾರ್ಕ್‌ಗಳು ಚೆನ್ನಾಗಿ ಕಾಣಿಸುತ್ತಿವೆ” ಎಂಬ ಉತ್ತರ ಬಂತು. ಯಾವ ಶಾರ್ಕ್ ಎಂದು ಅದರಲ್ಲಿ ಇರಲಿಲ್ಲ. ಆ ಕರಾವಳಿಯಲ್ಲಿ ಗ್ರೇಟ್ ವೈಟ್ ಕಂಡು ಬಹಳ ದಿನಗಳಾಗಿವೆ ಎಂಬುದನ್ನು ಸ್ಪಷ್ಟವಾಗಿ ಹೇಳಿದ್ದು ಬಂದರಿನಲ್ಲಿ, ಲೈಫ್ ಜಾಕೆಟ್ ತೊಟ್ಟ ಮೇಲೆ, ದೋಣಿಯ ಒಬ್ಬ ಯುವ ಜೀವವಿಜ್ಞಾನಿ. ಆಕೆಯ ಪ್ರಾಮಾಣಿಕತೆಗೆ ನಾನು ಋಣಿ, ಆದರೆ ಆ ಮಾತನ್ನು ಹೇಳಬೇಕಾಗಿದ್ದ ಜಾಗ ಬುಕಿಂಗ್ ಪುಟವೇ ಹೊರತು ಬಂದರಲ್ಲ. ಕಾಡುಪ್ರಾಣಿಯ ದರ್ಶನಕ್ಕೆ ಖಾತರಿಯಿಲ್ಲ ಎಂಬುದು ಕಬಿನಿಯ ಸಫಾರಿಗೆ ಹೋಗುವ ನಮಗೆ ಹೊಸದಲ್ಲ. ಹುಲಿ ಕಾಣದೆ ಮರಳಿದವರು ಅರಣ್ಯ ಇಲಾಖೆಯನ್ನು ದೂರುವುದಿಲ್ಲ. ಆದರೆ ಹುಲಿ ಇಂದು ಕಾಣಲಿಲ್ಲ ಎಂಬುದಕ್ಕೂ, ಆ ಕಾಡನ್ನು ಹುಲಿಗಳು ಬಿಟ್ಟುಹೋಗಿ ವರ್ಷಗಳಾಗಿವೆ ಎಂಬುದಕ್ಕೂ ಅಜಗಜಾಂತರ. ಶಾರ್ಕ್ ಕಾಣದಿದ್ದರೆ ಮತ್ತೊಮ್ಮೆ ಬರಲು ವೋಚರ್ ಕೊಡುವ ಪದ್ಧತಿಯೂ ಇದೆ, ಆದರೆ ಬೆಂಗಳೂರಿನಿಂದಲೋ ದುಬೈಯಿಂದಲೋ ಬಂದವರಿಗೆ ಹಣ ಮರಳದ ಆ ಚೀಟಿಯಿಂದ ಏನು ಪ್ರಯೋಜನ? ಮೇಲಾಗಿ ಯಾವ ಜಾತಿಯ ಶಾರ್ಕ್ ಕಂಡರೂ ಆ ಕರಾರು ಪೂರೈಸಿದಂತೆಯೇ ಲೆಕ್ಕ.

ಗ್ರೇಟ್ ವೈಟ್‌ಗಳು ಏಕೆ ಹೋದವು ಎಂಬುದನ್ನು ಆ ಜೀವವಿಜ್ಞಾನಿ ದೋಣಿಯಲ್ಲೇ ವಿವರಿಸಿದರು. ಇಡೀ ದಿನದಲ್ಲಿ ಬೋನಿನಷ್ಟೇ ಬೆಲೆಯುಳ್ಳದ್ದಾಗಿ ನನಗೆ ಕಂಡದ್ದು ಆ ಮಾತು. 2017ರ ಮೊದಲಾರ್ಧದಲ್ಲಿ ಗಾನ್ಸ್‌ಬಾಯ್ ಸುತ್ತಲಿನ ದಡಕ್ಕೆ ಐದು ಗ್ರೇಟ್ ವೈಟ್‌ಗಳ ಶವಗಳು ಬಂದು ಬಿದ್ದವು. ಹೆಚ್ಚಿನವುಗಳ ಎದೆಭಾಗ ಸೀಳಿ ಲಿವರ್ ತೆಗೆಯಲಾಗಿತ್ತು, ಉಳಿದ ದೇಹ ಬಹುಮಟ್ಟಿಗೆ ಹಾಗೆಯೇ ಇತ್ತು. ಶಾರ್ಕ್‌ನ ಲಿವರ್ ಎಣ್ಣೆಯಿಂದ ತುಂಬಿದ, ದೇಹದ ತೂಕದಲ್ಲಿ ದೊಡ್ಡ ಪಾಲಿರುವ ಅಂಗ. ಅದನ್ನು ತಿಂದದ್ದು ಕಿಲ್ಲರ್ ವೇಲ್ ಎಂದೂ ಕರೆಯುವ ಓರ್ಕಾಗಳು, ಅದರಲ್ಲೂ ಪೋರ್ಟ್ ಮತ್ತು ಸ್ಟಾರ್‌ಬೋರ್ಡ್ ಎಂದು ಹೆಸರಿಸಲಾದ ಎರಡು ಗಂಡುಗಳು. ಒಂದರ ಬೆನ್ನಿನ ಈಜುರೆಕ್ಕೆ ಎಡಕ್ಕೆ, ಮತ್ತೊಂದರದು ಬಲಕ್ಕೆ ಜೋತುಬಿದ್ದಿರುವುದರಿಂದ ನಾವಿಕರು ದೋಣಿಯ ಎಡ ಮತ್ತು ಬಲ ಪಕ್ಕಗಳಿಗೆ ಬಳಸುವ ಹೆಸರುಗಳನ್ನೇ ಅವುಗಳಿಗಿಟ್ಟಿದ್ದಾರೆ. ಶಾರ್ಕ್ ವಿಜ್ಞಾನಿ ಅಲಿಸನ್ ಟೌನರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಲನವಲನ ತಿಳಿಸುವ ಟ್ಯಾಗ್ ಅಳವಡಿಸಿದ್ದ 14 ಶಾರ್ಕ್‌ಗಳು ಓರ್ಕಾ ಬಂದಾಗ ಆ ಪ್ರದೇಶ ಬಿಟ್ಟು ಓಡಿಹೋದದ್ದು ದಾಖಲಾಗಿದೆ. ಮೊದಮೊದಲು ವಾರಗಳಲ್ಲಿ ಮರಳುತ್ತಿದ್ದವು ಆಮೇಲೆ ತಿಂಗಳುಗಟ್ಟಲೆ ಬರದಾದವು. 2023ರ ಜೂನ್‌ನಲ್ಲಿ ಪೂರ್ವಕ್ಕಿರುವ ಮೊಸೆಲ್ ಬೇ ಬಳಿ ಸ್ಟಾರ್‌ಬೋರ್ಡ್ ಒಂಟಿಯಾಗಿಯೇ, ಎರಡು ನಿಮಿಷದೊಳಗೆ, ಎಳೆಯ ಗ್ರೇಟ್ ವೈಟ್ ಒಂದನ್ನು ಕೊಂದು ಲಿವರ್ ಕಿತ್ತುಕೊಂಡು ಹೋಯಿತು.

ಆದರೆ ಎಲ್ಲವನ್ನೂ ಓರ್ಕಾಗಳ ತಲೆಗೆ ಕಟ್ಟುವುದನ್ನು ಒಪ್ಪದ ವಿಜ್ಞಾನಿಗಳಿದ್ದಾರೆ, ಅವರ ಮಾತಿನಲ್ಲಿ ತೂಕವಿದೆ ಎಂದು ನನಗನಿಸುತ್ತದೆ. ಕ್ವಾಜುಲು-ನಟಾಲ್ ಪ್ರಾಂತದ ಸ್ನಾನದ ಕಡಲತೀರಗಳಲ್ಲಿ 1950ರ ದಶಕದಿಂದ ಹಾಕಿರುವ ಶಾರ್ಕ್ ಬಲೆಗಳಿಗೆ ಇಂದಿಗೂ ಗ್ರೇಟ್ ವೈಟ್‌ಗಳು ಸಿಕ್ಕಿ ಸಾಯುತ್ತಿವೆ. ಅವುಗಳ ಆಹಾರವಾದ ಸಣ್ಣ ಶಾರ್ಕ್‌ಗಳನ್ನು ಉದ್ದ ಗಾಳದ ದೋಣಿಗಳು ಕಡಲ ತಳದಿಂದ ಬಾಚಿಕೊಂಡು ಹೋಗುತ್ತಿವೆ. ವಂಶವಾಹಿಗಳ ಆಧಾರದ ಮೇಲೆ 2016ರಲ್ಲಿ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಆಫ್ರಿಕಾದ ಗ್ರೇಟ್ ವೈಟ್‌ಗಳ ಸಂಖ್ಯೆಯನ್ನು 353ರಿಂದ 522ರ ನಡುವೆ ಅಂದಾಜಿಸಿದ್ದರು. ಹೆಣ್ಣು ಶಾರ್ಕ್ ಪ್ರಾಯಕ್ಕೆ ಬರಲು ಮೂವತ್ತು ವರ್ಷದ ಹತ್ತಿರ ಬೇಕಾಗುವ ಜಾತಿಯಲ್ಲಿ ಇಷ್ಟು ಸಣ್ಣ ಸಂಖ್ಯೆಯಿಂದ ವರ್ಷವರ್ಷ ಕಳೆಯುತ್ತಾ ಹೋದರೆ ಆಗುವುದೇನೆಂದು ಊಹಿಸುವುದು ಕಷ್ಟವಲ್ಲ. 2023ರ ಒಂದು ಅಧ್ಯಯನ, ಒಟ್ಟು ಸಂಖ್ಯೆ ಕುಸಿದಿಲ್ಲ, ಶಾರ್ಕ್‌ಗಳು ಪೂರ್ವದ ಕರಾವಳಿಗೆ ಸರಿದಿವೆ ಎಂದಿತು. ಮರುವರ್ಷವೇ ಇನ್ನೊಂದು ತಂಡ ಅದನ್ನು ಪ್ರಶ್ನಿಸಿ, ಹಾಗೆ ಸರಿದಿದ್ದರೆ ಪೂರ್ವದಲ್ಲಿ ಹೆಚ್ಚಬೇಕಾಗಿತ್ತಲ್ಲ ಎಂದು ಕೇಳಿತು. ಈ ಚರ್ಚೆ ಮುಗಿದಿಲ್ಲ. ಬೋನಿನಲ್ಲಿ ಶಾರ್ಕ್ ತೋರಿಸುವ ಸಂಸ್ಥೆಗಳು ಓರ್ಕಾ ಕಥೆಯನ್ನಷ್ಟೇ ಹೇಳಿ ಬಲೆ ಮತ್ತು ಗಾಳಗಳ ಮಾತನ್ನು ಬಿಟ್ಟುಬಿಡುವುದನ್ನು ನಾನು ಗಮನಿಸಿದ್ದೇನೆ. ನಮ್ಮ ದೋಣಿಯಲ್ಲಿ ಹಾಗಾಗಲಿಲ್ಲ.

ಇದೇ ಗಾನ್ಸ್‌ಬಾಯ್‌ನಲ್ಲಿ 2003ರ ನವೆಂಬರ್‌ನಲ್ಲಿ ಟ್ಯಾಗ್ ಹಾಕಿದ್ದ ನಿಕೋಲ್ ಎಂಬ ಹೆಣ್ಣು ಶಾರ್ಕ್ 99 ದಿನಗಳಲ್ಲಿ 11,000 ಕಿಲೋಮೀಟರ್ ಈಜಿ ಪಶ್ಚಿಮ ಆಸ್ಟ್ರೇಲಿಯಾ ತಲುಪಿತು, ಒಂಬತ್ತು ತಿಂಗಳು ತುಂಬುವುದರೊಳಗೆ ಇಡೀ ಹಿಂದೂ ಮಹಾಸಾಗರವನ್ನು ಮತ್ತೆ ದಾಟಿ ಇಲ್ಲಿಗೇ ಮರಳಿತು. ಬೆನ್ನಿನ ಈಜುರೆಕ್ಕೆಯ ಅಂಚಿನ ಗುರುತುಗಳಿಂದ ಅದನ್ನು ಪತ್ತೆ ಹಚ್ಚಿದರು. ಇಂಥ ಗುರುತುಗಳ ಚಿತ್ರಗಳನ್ನು ಅಷ್ಟು ವರ್ಷಗಳ ಕಾಲ ದಿನಂಪ್ರತಿ ಕೂಡಿಹಾಕಲು ಸಾಧ್ಯವಾದದ್ದು ಪ್ರವಾಸಿಗರ ಹಣದಿಂದ ನಿತ್ಯ ಕಡಲಿಗಿಳಿಯುತ್ತಿದ್ದ ಬೋನಿನ ದೋಣಿಗಳಿಂದಲೇ. ಶಾರ್ಕ್‌ಗಳು ಮರೆಯಾದದ್ದನ್ನು ದಿನಾಂಕ ಸಮೇತ ದಾಖಲಿಸಿದ್ದೂ ಅವೇ ದೋಣಿಗಳು. ಸಂಶೋಧಕರನ್ನು ಕರೆದೊಯ್ಯುವ ಸಂಸ್ಥೆಗೂ ಸುಮ್ಮನೆ ಜನರನ್ನು ತುಂಬಿಕೊಂಡು ಹೋಗುವ ಸಂಸ್ಥೆಗೂ ನಾನು ಭೇದ ಎಣಿಸುವುದು ಈ ಕಾರಣಕ್ಕೆ.

ಎರೆ ತೋರಿಸಿ ಶಾರ್ಕ್ ಕರೆಯುವುದು ಸರಿಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಸೇವೆಯನ್ನು ವಿಮರ್ಶಿಸಲಾಗದು. ಇದರಿಂದ ಶಾರ್ಕ್‌ಗಳು ಮನುಷ್ಯರನ್ನು ಆಹಾರದೊಂದಿಗೆ ಜೋಡಿಸಿಕೊಂಡು ಈಜುವವರ ಮೇಲೆ ಎರಗುತ್ತವೆ ಎಂಬುದು ಸ್ಥಳೀಯ ಸರ್ಫಿಂಗ್‌ಪ್ರಿಯರ ಹಳೆಯ ಆರೋಪ. ಕೇಪ್‌ಟೌನ್ ಪಕ್ಕದ ಫಾಲ್ಸ್ ಬೇಯಲ್ಲಿ ನಡೆದ ಅಧ್ಯಯನ, ಮಿತವಾಗಿ ಚಮ್ ಬಳಸಿದಾಗ ಗ್ರೇಟ್ ವೈಟ್‌ಗಳ ನಡವಳಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಆಗುವುದಿಲ್ಲವೆಂದು ತೋರಿಸಿತು. ಆದರೆ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳಲ್ಲಿ ಬೋನಿನ ದೋಣಿಗಳ ದಿನಗಳು ಹೆಚ್ಚಾದ ಮೇಲೆ ಶಾರ್ಕ್‌ಗಳು ಅಲ್ಲಿ ಹೆಚ್ಚು ದಿನ ತಂಗತೊಡಗಿದ್ದು ಕಂಡುಬಂದು, ಸರ್ಕಾರ ದೋಣಿಗಳ ದಿನಗಳಿಗೆ ಮಿತಿ ಹಾಕಿತು. ಮೆಕ್ಸಿಕೊ ಇನ್ನೂ ಕಟ್ಟುನಿಟ್ಟಾಯಿತು. ಗ್ವಾಡಲೂಪೆ ದ್ವೀಪದಲ್ಲಿ ಎರೆಯ ಹಿಂದೆ ಬಂದ ಶಾರ್ಕ್ 2016ರಲ್ಲಿ ಬೋನಿನೊಳಗೇ ನುಗ್ಗಿದ್ದು, 2019ರಲ್ಲಿ ಇನ್ನೊಂದು ಸರಳುಗಳ ನಡುವೆ ತಲೆ ಸಿಕ್ಕಿಸಿಕೊಂಡು ತೀವ್ರವಾಗಿ ಗಾಯಗೊಂಡದ್ದು ವಿಡಿಯೊಗಳಲ್ಲಿ ದಾಖಲಾಗಿವೆ. 2023ರ ಜನವರಿಯಲ್ಲಿ ಅಲ್ಲಿ ಶಾರ್ಕ್ ಪ್ರವಾಸೋದ್ಯಮವನ್ನು ಸಂಪೂರ್ಣವಾಗಿ ನಿಷೇಧಿಸಲಾಯಿತು. ಹಗ್ಗ ಎಳೆಯುವ ಕೈ ಎಲ್ಲಿಗೆ ಎಳೆಯುತ್ತದೆ, ಸರಳುಗಳ ನಡುವಿನ ಅಂತರ ಎಷ್ಟು ಎಂಬುದರ ಮೇಲೆ ಪ್ರಾಣಿಯ ಜೀವ ನಿಂತಿದೆ. ನಿಯಮ ಪಾಲಿಸುವ ದೋಣಿಯಲ್ಲಿ ಇದು ಒಪ್ಪಬಹುದಾದ ಚಟುವಟಿಕೆ ಎಂಬುದು ನನ್ನ ನಿಲುವು. ನಿಯಮ ಮುರಿದರೆ ಅದನ್ನು ನೋಡುತ್ತಾ ಕುಳಿತ ಪ್ರವಾಸಿಗರೂ ಅದರಲ್ಲಿ ಪಾಲುದಾರರೇ.

ಮರಳುವಾಗ ದೋಣಿ ಗೈಸರ್ ರಾಕ್‌ನ ಬಳಿ ಸ್ವಲ್ಪ ಹೊತ್ತು ನಿಂತಿತು. ಸೀಲ್‌ಗಳ ಗದ್ದಲ, ಅದಕ್ಕಿಂತ ಮೊದಲೇ ಬರುವ ಗಬ್ಬು, ನೀರಿನಲ್ಲಿ ನಿರ್ಭಯವಾಗಿ ಹೊರಳಾಡುವ ಎಳೆಯ ಸೀಲ್‌ಗಳು. ಹಿಂದೆ ಈ ಓಣಿಯಲ್ಲಿ ಅವು ಹೀಗೆ ಆಡುತ್ತಿರಲಿಲ್ಲವಂತೆ. ಗ್ರೇಟ್ ವೈಟ್‌ಗಳು ಇಲ್ಲವಾದ ಫಾಲ್ಸ್ ಬೇಯಲ್ಲಿ ಸೀಲ್‌ಗಳೂ ಸೆವೆನ್‌ಗಿಲ್ ಶಾರ್ಕ್‌ಗಳೂ ಹೆಚ್ಚಿ, ಅವುಗಳಿಗೆ ಆಹಾರವಾದ ಮೀನುಗಳು ಕಡಿಮೆಯಾದದ್ದನ್ನು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಡಯರ್ ದ್ವೀಪದ ಆಫ್ರಿಕನ್ ಪೆಂಗ್ವಿನ್‌ಗಳನ್ನು ದೋಣಿಯಿಂದ ದೂರದಲ್ಲಷ್ಟೇ ಕಾಣಲಾಯಿತು. 2024ರಲ್ಲಿ ಈ ಹಕ್ಕಿಯನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಲಾಗಿದೆ. ಗಾಯಗೊಂಡ, ಎಣ್ಣೆ ಮೆತ್ತಿದ ಪೆಂಗ್ವಿನ್‌ಗಳನ್ನು ಆರೈಕೆ ಮಾಡುವ ಕೇಂದ್ರವೊಂದು ಊರಿನಲ್ಲೇ ಇದೆ, ಮಧ್ಯಾಹ್ನ ಬಿಡುವಿದ್ದವರು ಖಂಡಿತ ಹೋಗಬೇಕು.

ಗ್ರೇಟ್ ವೈಟ್ ಅನ್ನೇ ನೋಡಬೇಕೆಂಬ ಹಟವಿದ್ದವರು ಗಾನ್ಸ್‌ಬಾಯ್ ಬಿಟ್ಟು ಬೇರೆ ಕಡೆ ಯೋಚಿಸಬೇಕು. ಕೇಪ್‌ಟೌನ್‌ನಿಂದ ಪೂರ್ವಕ್ಕೆ ಸುಮಾರು 390 ಕಿಲೋಮೀಟರ್ ದೂರದ ಮೊಸೆಲ್ ಬೇಯಲ್ಲಿ ಸಾಧ್ಯತೆ ಗಾನ್ಸ್‌ಬಾಯ್‌ಗಿಂತ ಹೆಚ್ಚು, ಆದರೆ ಓರ್ಕಾಗಳು ಅಲ್ಲಿಗೂ ಬಂದಿವೆ. ಇಂದಿನ ಸ್ಥಿತಿಯಲ್ಲಿ ಹೆಚ್ಚು ಭರವಸೆಯ ಜಾಗವೆಂದರೆ ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್‌ನಿಂದ ಹೋಗುವ ನೆಪ್ಚೂನ್ ದ್ವೀಪಗಳು. ಅಲ್ಲಿ ದೋಣಿಯಿಂದ ಕೊಳವೆಯ ಮೂಲಕ ಗಾಳಿ ಪೂರೈಸುವುದರಿಂದ ಉಸಿರು ಬಿಗಿಹಿಡಿಯಬೇಕಾಗಿಲ್ಲ. ಅಡಿಲೇಡ್, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಅದೇ ಹತ್ತಿರವೂ ಹೌದು.

ಗಾನ್ಸ್‌ಬಾಯ್‌ಗೇ ಹೋಗುವವರು ಹಣ ಕಟ್ಟುವ ಮುನ್ನ ಸಂಸ್ಥೆಗೆ ಬರೆದು, ಕಳೆದ ಒಂದು ತಿಂಗಳಿನಲ್ಲಿ ಯಾವ ದಿನ ಯಾವ ಜಾತಿಯ ಶಾರ್ಕ್ ಎಷ್ಟು ಕಂಡಿವೆ ಎಂಬ ದಾಖಲೆಯನ್ನು ಕೇಳಬೇಕು. ಕೆಲವು ಸಂಸ್ಥೆಗಳು ಇದನ್ನು ದಿನವೂ ಸಾರ್ವಜನಿಕವಾಗಿ ಪ್ರಕಟಿಸುತ್ತವೆ, ಅಂಥವನ್ನೇ ಆರಿಸಿಕೊಳ್ಳುವುದು ಕ್ಷೇಮ. ದೋಣಿಯಲ್ಲಿ ಜೀವವಿಜ್ಞಾನಿ ಇರುತ್ತಾರೆಯೇ, ಎಷ್ಟು ಜನರನ್ನು ಹತ್ತಿಸುತ್ತಾರೆ, ಹವಾಮಾನ ಕೆಟ್ಟು ಪಯಣ ರದ್ದಾದರೆ ಹಣ ಮರಳುತ್ತದೆಯೇ ಅಥವಾ ಚೀಟಿ ಮಾತ್ರವೇ ಎಂಬುದನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಬಿರುಗಾಳಿಯ ಕಾರಣ ಒಂದೆರಡು ದಿನ ದೋಣಿ ಹೊರಡದಿರುವುದು ಸಾಮಾನ್ಯವಾದ್ದರಿಂದ, ಮರಳುವ ವಿಮಾನದ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳದೆ, ಕೇಪ್‌ಟೌನ್ ಪ್ರವಾಸದ ಮೊದಲ ಭಾಗದಲ್ಲೇ ಮುಗಿಸುವಂತೆ ಯೋಜಿಸಿಕೊಂಡರೆ ಮತ್ತೊಂದು ದಿನಕ್ಕೆ ಬದಲಾಯಿಸಿಕೊಳ್ಳಲು ಅವಕಾಶವಿರುತ್ತದೆ.